ಎರಡು ವರ್ಷ ಬಳಸಿದ ನೀಟ್ ತರಬೇತಿ ಆ್ಯಪ್: ಹಣಕ್ಕೆ ತಕ್ಕುದಾಗಿದ್ದು ಟೆಸ್ಟ್ ಸೀರೀಸ್ ಮಾತ್ರ

2023ರ ಜೂನ್‌ನಲ್ಲಿ ನಾನು ಪ್ರಥಮ ಪಿಯುಸಿಗೆ ಸೇರಿದ ವಾರದಲ್ಲೇ ನಮ್ಮ ತಂದೆ ಒಂದು ತರಬೇತಿ ಆ್ಯಪ್‌ಗೆ ಎರಡು ವರ್ಷದ ಚಂದಾ ಕಟ್ಟಿದರು. ಕಂತುಗಳೆಲ್ಲ ಸೇರಿ ₹34,000 ಆಯಿತು. ಹೊಸದುರ್ಗದ ಕಡೆಯ ನಮ್ಮ ಹಳ್ಳಿಯನ್ನು ಬಿಟ್ಟು ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ಹಾಸ್ಟೆಲ್ಲಿನಲ್ಲಿದ್ದು ಕೋಚಿಂಗ್ ಪಡೆಯುವ ಖರ್ಚಿನ ಮುಂದೆ ಅದು ಕಡಿಮೆಯೆಂದೇ ಮನೆಯಲ್ಲಿ ಎಲ್ಲರಿಗೂ ತೋರಿತ್ತು. 2025ರ ಮೇ 4ರಂದು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯುವ ಹಿಂದಿನ ಸಂಜೆಯವರೆಗೂ ಅದನ್ನು ಬಳಸಿದ್ದೇನೆ. ಈಗ ಚಂದಾ ಮುಗಿದು ಫಲಿತಾಂಶವೂ ಬಂದಿರುವುದರಿಂದ, ಪಿಯುಸಿಗೆ ಸೇರುತ್ತಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ವೀಡಿಯೊ ಪಾಠಗಳ ವಿಷಯ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಕಾಲೇಜಿನ ಇಂಗ್ಲಿಷ್ ಪಾಠವೇ ಆರಂಭದಲ್ಲಿ ಭಾರವಾಗಿತ್ತು. ಇಂಗ್ಲಿಷ್ ಪಾಠವೆಂದು ಆ್ಯಪ್‌ನವರು ಮಾರಿದ್ದರಲ್ಲಿ ಬೋಧಕರು ಲೆಕ್ಕದ ಮುಖ್ಯ ತಿರುವಿಗೆ ಬರುತ್ತಿದ್ದಂತೆ ಹಿಂದಿಗೆ ಜಾರುತ್ತಿದ್ದರು. ಚಿತ್ರಗಳು ಚೆನ್ನಾಗಿದ್ದವು ಎಂಬುದನ್ನು ಒಪ್ಪಬೇಕು; ಆದರೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೈಸಿಕಲ್ ಚಕ್ರವೊಂದನ್ನು ತಂದು ತಿರುಗಿಸಿ ಕನ್ನಡದಲ್ಲಿ ಹೇಳಿಕೊಟ್ಟ ಟಾರ್ಕ್ (ತಿರುಗುಬಲ), ಆ್ಯಪ್‌ನ ನಾಲ್ಕು ಗಂಟೆಯ ವೀಡಿಯೊಕ್ಕಿಂತ ಬೇಗ ತಲೆಗೆ ಹತ್ತಿತು. ದೀಪಾವಳಿಯ ಹೊತ್ತಿಗೆ ನಾನು ವೀಡಿಯೊ ನೋಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದೆ.

ಬಿಡಲು ಇನ್ನೊಂದು ಕಾರಣವೂ ಇತ್ತು. ಸೀನಿಯರ್ ಒಬ್ಬರು ಕೊಟ್ಟ ಹಳೆಯ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪುಸ್ತಕವನ್ನು ಮುಂದಿಟ್ಟುಕೊಂಡು, ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಈ ಮೂರು ಅಧ್ಯಾಯಗಳ ವೀಡಿಯೊಗಳನ್ನು ಟಿಪ್ಪಣಿ ಸಮೇತ ಮುಗಿಸಿದ್ದೆ. ಅವು ಪರಿಷ್ಕೃತ ಪುಸ್ತಕದಲ್ಲಿ ಆಗಲೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನೀಟ್ ಪಠ್ಯಕ್ರಮ ಬಂದಾಗ ಅದರಲ್ಲೂ ಇರಲಿಲ್ಲ. ಆ್ಯಪ್‌ನಲ್ಲಿ ಮಾತ್ರ ಫೆಬ್ರವರಿಯವರೆಗೂ ಅವು ‘ಅತಿ ಮುಖ್ಯ’ ಎಂಬ ಕೆಂಪು ಪಟ್ಟಿಯೊಂದಿಗೇ ಉಳಿದಿದ್ದವು. ಹಳೆಯ ಪುಸ್ತಕ ನಂಬಿದ ತಪ್ಪು ನನ್ನದು, ಆದರೆ ದುಡ್ಡು ಪಡೆದವರು ಒಂದು ಸಾಲಿನ ಸೂಚನೆಯನ್ನಾದರೂ ಹಾಕಬಹುದಿತ್ತು.

ಇನ್ನು ಟೆಸ್ಟ್ ಸೀರೀಸ್, ಅಂದರೆ ಮಾದರಿ ಪರೀಕ್ಷೆಗಳ ಸರಣಿ. ಕೊಟ್ಟ ಹಣಕ್ಕೆ ನಿಜವಾಗಿ ಸಿಕ್ಕಿದ್ದು ಇದೇ. ಪ್ರಶ್ನೆಗಳು ಎನ್‌ಸಿಇಆರ್‌ಟಿ ಸಾಲುಗಳಿಗೆ ಹತ್ತಿರವಾಗಿದ್ದವು, ಹೊಂದಿಸಿ ಬರೆಯುವ ಮತ್ತು ಹೇಳಿಕೆ-ಕಾರಣದ ಮಾದರಿಗಳು ಧಾರಾಳವಾಗಿದ್ದವು, ವಿವರಣೆಗಳಲ್ಲಿ ತಪ್ಪು ವಿರಳ. ಆದರೆ ಪರೀಕ್ಷೆ ಮುಗಿದೊಡನೆ ಆ್ಯಪ್ ತೋರಿಸುವ ಬಣ್ಣಬಣ್ಣದ ವಿಶ್ಲೇಷಣೆ ಎಷ್ಟು ತಪ್ಪಾಯಿತೆಂದು ಹೇಳುತ್ತಿತ್ತೇ ಹೊರತು ಏಕೆ ತಪ್ಪಾಯಿತೆಂದು ಹೇಳುತ್ತಿರಲಿಲ್ಲ. ಹಾಗಾಗಿ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಗೊತ್ತಿರಲಿಲ್ಲ, ಲೆಕ್ಕ ತಪ್ಪಿತು, ಪ್ರಶ್ನೆಯನ್ನೇ ತಪ್ಪು ಓದಿದೆ ಎಂದು ಮೂರು ಅಂಕಣ ಮಾಡಿದೆ. ಜೀವಶಾಸ್ತ್ರದಲ್ಲಿ ಮೂರನೆಯ ಅಂಕಣವೇ ಮೊದಲು ತುಂಬಿತು: ‘ಸರಿಯಲ್ಲದ ಹೇಳಿಕೆ ಯಾವುದು’ ಎಂದು ಕೇಳಿದ್ದಲ್ಲಿ ಸರಿಯಾದದ್ದನ್ನು ಗುರುತಿಸಿ ಎದ್ದುಬಂದಿದ್ದೆ. 180ರಲ್ಲಿ 90 ಪ್ರಶ್ನೆಗಳು ಜೀವಶಾಸ್ತ್ರದವೇ ಆಗಿರುವ ಪರೀಕ್ಷೆಯಲ್ಲಿ ಇದು ಸಣ್ಣ ಸೋರಿಕೆಯಲ್ಲ, ಏಕೆಂದರೆ ಪ್ರತಿ ತಪ್ಪಿಗೂ ಬರಬೇಕಾದ ನಾಲ್ಕು ಅಂಕ ಹೋಗುವುದರ ಜೊತೆಗೆ ಇನ್ನೊಂದು ಕಳೆಯುತ್ತದೆ.

ಆ್ಯಪ್‌ನ ದೊಡ್ಡ ಕೊರತೆ ನನಗೆ ತಿಳಿದದ್ದು ದ್ವಿತೀಯ ಪಿಯುಸಿಯ ಡಿಸೆಂಬರ್‌ನಲ್ಲಿ, ಕಾಲೇಜಿನಲ್ಲಿ ಓಎಂಆರ್ ಹಾಳೆಯ (ಉತ್ತರದ ವೃತ್ತವನ್ನು ಪೆನ್ನಿನಲ್ಲಿ ತುಂಬುವ ಹಾಳೆ) ಮೇಲೆ ಮಾದರಿ ಪರೀಕ್ಷೆ ನಡೆಸಿದಾಗ. ಅದೇ ವಾರ ಫೋನಿನಲ್ಲಿ 720ಕ್ಕೆ 511 ಬಂದಿದ್ದರೆ ಕಾಗದದಲ್ಲಿ 463 ಬಂತು. ಫೋನಿನಲ್ಲಿ ಉತ್ತರವೊಂದನ್ನು ಒತ್ತಿ, ಮನಸ್ಸು ಬದಲಾದರೆ ಮತ್ತೊಂದನ್ನು ಒತ್ತಬಹುದು. ಬಾಲ್ ಪೆನ್ನಿನಲ್ಲಿ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. 180 ವೃತ್ತಗಳನ್ನು ತುಂಬಲು ನನಗೆ ಸುಮಾರು 14 ನಿಮಿಷ ಬೇಕಾಗುತ್ತಿತ್ತು ಎಂಬ ಸರಳ ಲೆಕ್ಕ ಒಂದೂವರೆ ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಓಎಂಆರ್ ಹಾಳೆಗಳ ಪ್ರತಿ ಮಾಡಿಸಿಕೊಂಡು, ಪ್ರಶ್ನೆಯನ್ನು ಫೋನಿನಲ್ಲಿ ನೋಡಿ ಉತ್ತರವನ್ನು ಕಾಗದದಲ್ಲಿ ತುಂಬತೊಡಗಿದೆ. ನೀಟ್ ನಡೆಯುವ ಮಧ್ಯಾಹ್ನ ಎರಡರಿಂದ ಐದರ ಹೊತ್ತಿನಲ್ಲೇ ಭಾನುವಾರಗಳಂದು ಕೂರುತ್ತಿದ್ದೆ. ಊಟವಾದ ಮೇಲಿನ ಆ ತೂಕಡಿಕೆಯೂ ಅಭ್ಯಾಸವಾಗಬೇಕಾದದ್ದೇ.

2025ರ ಜನವರಿಯಲ್ಲಿ, 2021ರಿಂದ ಇದ್ದ ಐಚ್ಛಿಕ ಪ್ರಶ್ನೆಗಳ (200ರಲ್ಲಿ 180ಕ್ಕೆ ಉತ್ತರಿಸುವ) ವ್ಯವಸ್ಥೆಯನ್ನು ಕೈಬಿಟ್ಟು, 180 ನಿಮಿಷಕ್ಕೆ 180 ಪ್ರಶ್ನೆಗಳೆಲ್ಲವೂ ಕಡ್ಡಾಯವೆಂದು ನೀಟ್ ನಡೆಸುವ ಸಂಸ್ಥೆಯಾದ ಎನ್‌ಟಿಎ ಪ್ರಕಟಿಸಿತು. ಆ್ಯಪ್‌ನ ಪರೀಕ್ಷೆಗಳು ಮಾರ್ಚ್ ಮಧ್ಯದವರೆಗೂ 200 ಪ್ರಶ್ನೆಗಳಲ್ಲೇ ಇದ್ದವು. ಪ್ರತಿ ಭಾಗದ ಕೊನೆಯ ಐದು ಪ್ರಶ್ನೆಗಳನ್ನು ನಾನೇ ಬಿಟ್ಟು, ಅಡುಗೆಮನೆಯ ಗಡಿಯಾರ ನೋಡಿ ನಿಲ್ಲಿಸುತ್ತಿದ್ದೆ. ಏಪ್ರಿಲ್ 16 ಮತ್ತು 17ರಂದು ಸಿಇಟಿ ಬರೆದೆ. ಅಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದಿಲ್ಲ. ಆ ಚಾಳಿ ಅಂಟಿಕೊಂಡು ಮುಂದಿನ ನೀಟ್ ಟೆಸ್ಟಿನಲ್ಲಿ 31 ಪ್ರಶ್ನೆಗಳಿಗೆ ಊಹೆಯಿಂದ ಉತ್ತರಿಸಿದೆ, ಆರು ಸರಿಯಾದವು, ಒಟ್ಟಾರೆ ಒಂದಂಕ ನಷ್ಟವಾಯಿತು. ಅದನ್ನು ಅಸಲಿ ಪರೀಕ್ಷೆಗೆ ಮೊದಲೇ ತೋರಿಸಿಕೊಟ್ಟದ್ದಕ್ಕೆ ಟೆಸ್ಟ್ ಸೀರೀಸ್‌ಗೆ ಋಣಿಯಾಗಿದ್ದೇನೆ.

ಕನ್ನಡದ ಬಗ್ಗೆ ಒಂದು ಮಾತು. ಅರ್ಜಿಯಲ್ಲಿ ಕನ್ನಡವನ್ನು ಆಯ್ದುಕೊಂಡರೆ ಪ್ರಶ್ನೆಪುಸ್ತಿಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸಿಗುತ್ತದೆ, ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ನಾನು ಹಾಗೆಯೇ ಆಯ್ದುಕೊಂಡೆ. ಉದ್ದನೆಯ ಹೇಳಿಕೆಗಳಲ್ಲಿ ‘ಅಲ್ಲ’ ಎಂಬುದು ಕನ್ನಡದಲ್ಲಿ ಬೇಗ ಕಣ್ಣಿಗೆ ಬೀಳುತ್ತಿತ್ತು. ಆ್ಯಪ್‌ನಲ್ಲಿ ಕನ್ನಡದ ಒಂದೇ ಒಂದು ಮಾದರಿ ಪರೀಕ್ಷೆಯೂ ಇರಲಿಲ್ಲ.

ಸಂದೇಹ ಕೇಳುವ ವಿಭಾಗದಲ್ಲಿ ಉತ್ತರ ಎರಡು ದಿನಕ್ಕೆ ಬರುತ್ತಿತ್ತು. ಮಾರಾಟದವರ ಫೋನ್ ಮಾತ್ರ ದಿನಕ್ಕೆರಡು ಬಾರಿ ಬರುತ್ತಿತ್ತು.

ನನ್ನ ಅಂತಿಮ ಅಂಕ 438. ಆ ವರ್ಷದ ಭೌತಶಾಸ್ತ್ರ ಎಲ್ಲರನ್ನೂ ಬೆವರಿಳಿಸಿತ್ತು, ನನಗೆ ಅದರಲ್ಲಿ ಬಂದದ್ದು 180ಕ್ಕೆ 61. ಆ್ಯಪ್‌ಗೆ ಐದರಲ್ಲಿ ಎರಡೂವರೆ ಕೊಡುತ್ತೇನೆ. ಟೆಸ್ಟ್ ಸೀರೀಸ್ ಒಂದಕ್ಕೇ ಆದರೆ ನಾಲ್ಕು. ತಂಗಿ ಈ ವರ್ಷ ಪ್ರಥಮ ಪಿಯುಸಿಗೆ ಸೇರಿದ್ದಾಳೆ. ಅವಳಿಗೆ ಹೊಸ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಕೊಡಿಸಿದ್ದೇವೆ, ನನ್ನ ಮೂರು ಅಂಕಣದ ನೋಟ್‌ಬುಕ್ಕನ್ನು ಅವಳೇ ಕೇಳಿ ತೆಗೆದುಕೊಂಡಿದ್ದಾಳೆ. ಟೆಸ್ಟ್ ಸೀರೀಸನ್ನು ಮಾತ್ರ ಬಿಡಿಯಾಗಿ, ಅದೂ ದ್ವಿತೀಯ ಪಿಯುಸಿಗೆ ಬಂದ ಮೇಲೆ ಕೊಳ್ಳುವುದೆಂದು ತಂದೆಯವರೊಂದಿಗೆ ಮಾತಾಗಿದೆ.