ಪಬ್ಲಿಕ್ ಹೆಲ್ತ್ ಫೆಲೋಶಿಪ್ ಹುಡುಕುವ ತಾಣಗಳು: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಹೊತ್ತು ಕಳೆಯುತ್ತದೆ

ಗೂಗಲ್‌ನಲ್ಲಿ ‘ಎಂಪಿಎಚ್ ಸ್ಕಾಲರ್‌ಶಿಪ್’ (ಎಂಪಿಎಚ್ ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಎಂದು ಹಾಕಿದರೆ ಮೊದಲು ಎದುರಾಗುವುದು ಸಂಗ್ರಹ ತಾಣಗಳು. ‘ಸಾರ್ವಜನಿಕ ಆರೋಗ್ಯ ಓದುವವರಿಗೆ 50 ಸ್ಕಾಲರ್‌ಶಿಪ್’ ಎಂಬ ಧಾಟಿಯ ಉದ್ದುದ್ದ ಪಟ್ಟಿಗಳು. ಜರಡಿ ಹಿಡಿದು ನೋಡಿ: ಬಹಳಷ್ಟು ಅಮೆರಿಕದ ಪ್ರಜೆಗಳಿಗೆ ಮಾತ್ರ, ಕೆಲವು ಯಾವುದೋ ಒಂದೇ ವಿಶ್ವವಿದ್ಯಾಲಯದವರಿಗೆ, ಇನ್ನು ಕೆಲವು ಸತ್ತೇ ಹೋಗಿವೆ. ಆಸ್ಟ್ರೇಲಿಯಾದ ಎಂಡೆವರ್ ಸ್ಕಾಲರ್‌ಶಿಪ್ 2019ರಲ್ಲೇ ನಿಂತಿತು. ನೆದರ್ಲೆಂಡ್ಸ್‌ನ ಆರೆಂಜ್ ನಾಲೆಜ್ ಯೋಜನೆ ಮುಗಿದಿದೆ. ಸಾರ್ವಜನಿಕ ಆರೋಗ್ಯ ಮತ್ತು ಉಷ್ಣವಲಯದ ವೈದ್ಯಕೀಯದ ಮಾಸ್ಟರ್ಸ್‌ಗೆಂದೇ ವೆಲ್ಕಮ್ ಟ್ರಸ್ಟ್ ಕೊಡುತ್ತಿದ್ದ ಫೆಲೋಶಿಪ್ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ. ಪಟ್ಟಿಗಳಲ್ಲಿ ಮಾತ್ರ ಇವು ಚಿರಂಜೀವಿಗಳು.

ಹಾಗಾಗಿ ಇಲ್ಲಿನ ಅಳತೆಗೋಲು ಒಂದೇ: ‘ಇದು ನಿಮಗಲ್ಲ’ ಎಂದು ತಾಣ ಎಷ್ಟು ಬೇಗ ಹೇಳಿಬಿಡುತ್ತದೆ? ಮೂರು ಪ್ರಶ್ನೆಗಳಿಗೆ ಐದು ನಿಮಿಷದಲ್ಲಿ ಉತ್ತರ ಸಿಗಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆಯೇ? ಪದವಿ ಮುಗಿದ ಮೇಲೆ ಎಷ್ಟು ವರ್ಷದ ಅನುಭವ ಬೇಕು? ಪದವಿ ಎಷ್ಟು ಹಳೆಯದಾದರೆ ಬಾಗಿಲು ಮುಚ್ಚುತ್ತದೆ? ಹಣ ಎಷ್ಟು ಅನ್ನುವುದು ಆಮೇಲಿನ ಮಾತು.

ಈ ಅಳತೆಯಲ್ಲಿ ಮೊದಲ ಸ್ಥಾನ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಸ್ಕಾಲರ್‌ಶಿಪ್ ಡೇಟಾಬೇಸ್‌ಗೆ. ನಿಮ್ಮ ದೇಶ, ನೀವಿರುವ ಹಂತ, ವಿಷಯ, ಈ ಮೂರನ್ನು ಆರಿಸಿದರೆ ಸಾಕು, ಸಂಬಂಧವಿಲ್ಲದ್ದೆಲ್ಲ ಉದುರಿಹೋಗುತ್ತದೆ. ತನ್ನದಷ್ಟೇ ಅಲ್ಲದೆ ಬೇರೆ ಕೆಲವು ಜರ್ಮನ್ ಸಂಸ್ಥೆಗಳ ಹಣವನ್ನೂ ತೋರಿಸುತ್ತದೆ. ಒಂದು ಕೊರತೆ ಮಾತ್ರ ಗೊತ್ತಿರಬೇಕು. ನಮ್ಮವರಿಗೆ ಹೆಚ್ಚು ಹೊಂದುವ ಇಪಿಒಎಸ್, ಅಂದರೆ ಅಭಿವೃದ್ಧಿಶೀಲ ದೇಶದವರಿಗಾಗಿ ಇರುವ ಸ್ನಾತಕೋತ್ತರ ಕೋರ್ಸುಗಳ ಯೋಜನೆ, ಅಲ್ಲಿ ಒಂದೇ ಒಂದು ನಮೂದಾಗಿ ಕಾಣುತ್ತದೆ. ಕೋರ್ಸುಗಳ ಹೆಸರು ವರ್ಷಕ್ಕೊಮ್ಮೆ ಹೊರಬರುವ ಬೇರೆ ಪಿಡಿಎಫ್‌ನೊಳಗೆ ಅಡಗಿ ಕೂತಿರುತ್ತದೆ. ಹೈಡೆಲ್‌ಬರ್ಗ್‌ನ ಮತ್ತು ಬರ್ಲಿನ್‌ನ ಶಾರಿಟೆ ವೈದ್ಯಕೀಯ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಹೆಲ್ತ್ ಮಾಸ್ಟರ್ಸ್‌ನಂಥವು ಸಿಕ್ಕಿರುವುದು ಆ ಪಿಡಿಎಫ್‌ನಲ್ಲೇ. ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷದ ಪಿಡಿಎಫ್ ಇಟ್ಟುಕೊಂಡು ತಯಾರಿ ನಡೆಸಿದರೆ ಕೊನೆಗೆ ಕೋರ್ಸೇ ಇರುವುದಿಲ್ಲ.

ಇಪಿಒಎಸ್‌ನ ಷರತ್ತುಗಳು ಸ್ಪಷ್ಟ. ಕನಿಷ್ಠ 2 ವರ್ಷ ವೃತ್ತಿ ಅನುಭವ. ಕೊನೆಯ ಪದವಿ ಸಾಮಾನ್ಯವಾಗಿ 6 ವರ್ಷಕ್ಕಿಂತ ಹಳೆಯದಿರಬಾರದು. ಎರಡನ್ನೂ ಒಟ್ಟಿಗೆ ಇಟ್ಟರೆ ಪದವಿಯ ನಂತರದ ಎರಡನೇ ವರ್ಷದಿಂದ ಆರನೇ ವರ್ಷದವರೆಗೆ ಒಂದು ಕಿಟಕಿ ತೆರೆದಿರುತ್ತದೆ, ಅಷ್ಟೇ. ಹಳ್ಳಿಯ ಸೇವೆ, ಪಿಜಿ ಪ್ರವೇಶ ಪರೀಕ್ಷೆಯ ತಯಾರಿ ಎಂದು ವರ್ಷ ಕಳೆದ ವೈದ್ಯರು ಇದನ್ನು ತಡವಾಗಿ ಗಮನಿಸುತ್ತಾರೆ. ಅರ್ಜಿ ಕಳಿಸಬೇಕಾದ್ದು ಡಿಎಎಡಿಗಲ್ಲ, ನೇರವಾಗಿ ಆಯಾ ವಿಶ್ವವಿದ್ಯಾಲಯಕ್ಕೆ. ಹೆಚ್ಚೆಂದರೆ 3 ಕೋರ್ಸ್. ಒಂದಕ್ಕಿಂತ ಹೆಚ್ಚಿದ್ದರೆ ಉದ್ದೇಶ ಪತ್ರ ಎಲ್ಲಕ್ಕೂ ಒಂದೇ ಇರಬೇಕು, ಆದ್ಯತೆಯ ಕ್ರಮವನ್ನು ಅದರಲ್ಲೇ ಬರೆಯಬೇಕು. ಕೊನೆಯ ದಿನಾಂಕ ಕೋರ್ಸಿಗೊಂದು. ಆಯ್ಕೆಯಾದ ಪದವೀಧರರಿಗೆ ತಿಂಗಳಿಗೆ 992 ಯೂರೋ, ಜೊತೆಗೆ ಆರೋಗ್ಯ ವಿಮೆ ಮತ್ತು ಪ್ರಯಾಣ ಭತ್ಯೆ.

ಅರ್ಜಿಗಳು ಎಡವುವುದು ಅಂಕಪಟ್ಟಿಯಲ್ಲಲ್ಲ, ಅನುಭವ ಪತ್ರದಲ್ಲಿ. ಉದ್ಯೋಗದಾತರ ಶಿಫಾರಸು ಪತ್ರದಲ್ಲಿ ಲೆಟರ್‌ಹೆಡ್, ಇತ್ತೀಚಿನ ದಿನಾಂಕ, ಸಹಿ, ಸೀಲು ನಾಲ್ಕೂ ಇರಬೇಕು. ಸಿವಿ ಮತ್ತು ಉದ್ದೇಶ ಪತ್ರಕ್ಕೆ ಕೈಯಿಂದಲೇ ಸಹಿ ಹಾಕಬೇಕು; ಟೈಪ್ ಮಾಡಿದ ಹೆಸರು ಸಹಿಯಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರಿಗೆ ಇನ್ನೊಂದು ತಾಪತ್ರಯವಿದೆ. ಗುತ್ತಿಗೆ ನವೀಕರಣವಾದಂತೆಲ್ಲ ಹೊಸ ಆದೇಶ, ನಡುವೆ ಕೆಲವು ದಿನದ ಬಿಡುವು. ಆ ಆದೇಶಗಳನ್ನೆಲ್ಲ ಸ್ಕ್ಯಾನ್ ಮಾಡಿ ಗುಡ್ಡೆ ಹಾಕಿ ಕಳಿಸಿದರೆ ಪರಿಶೀಲಿಸುವವರಿಗೆ ಕಾಣುವುದು ನಾಲ್ಕೈದು ತುಂಡು ನೌಕರಿ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಚೇರಿಯಿಂದ ಒಂದೇ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ. ಹುದ್ದೆಯ ಹೆಸರು, ಇಂಥ ದಿನದಿಂದ ಇಂಥ ದಿನದವರೆಗೆ, ಪೂರ್ಣಾವಧಿ, ಮಾಡಿದ ಕೆಲಸ ಎರಡು ಸಾಲು, ಇಂಗ್ಲಿಷಿನಲ್ಲಿ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯಲು ಎಷ್ಟು ದಿನ ಬೇಕೆಂದು ಸರ್ಕಾರಿ ಕಚೇರಿ ಕಂಡವರಿಗೆ ಹೇಳಬೇಕಿಲ್ಲ. ಎರಡು ತಿಂಗಳು ಮೊದಲೇ ಅರ್ಜಿ ಕೊಡಿ.

ಬ್ರಿಟನ್ ಸರ್ಕಾರದ ಸ್ಕಾಲರ್‌ಶಿಪ್ ಆದ ಚೀವ್ನಿಂಗ್‌ನ ತಾಣ ತನ್ನ ಯೋಜನೆಯೊಂದನ್ನೇ ತೋರಿಸುತ್ತದೆ, ಆದರೆ ಅರ್ಹತೆಯನ್ನು ಇಷ್ಟು ನೇರವಾಗಿ ಹೇಳುವ ತಾಣ ಅಪರೂಪ. ಅನುಭವವನ್ನು ವರ್ಷದಲ್ಲಲ್ಲ, ಗಂಟೆಯಲ್ಲಿ ಎಣಿಸುತ್ತಾರೆ: 2,800 ಗಂಟೆ. ವಾರಕ್ಕೆ 35 ಗಂಟೆ, ವರ್ಷಕ್ಕೆ 40 ವಾರ ಎಂದು ಹಿಡಿದರೆ ಎರಡು ವರ್ಷ. ಅರೆಕಾಲಿಕ ಕೆಲಸ, ಸ್ವಯಂಸೇವೆ ಎಲ್ಲವನ್ನೂ ಕೂಡಿಸಬಹುದು. ಎನ್‌ಜಿಒದಲ್ಲಿ ವಾರಕ್ಕೆ ಮೂರು ದಿನ ದುಡಿದವರಿಗೂ ಇಲ್ಲಿ ದಾರಿಯಿದೆ. ಆದರೆ ಪದವಿಯ ಭಾಗವಾಗಿ ಕಡ್ಡಾಯವಾಗಿ ಮಾಡಿದ್ದು ಲೆಕ್ಕಕ್ಕಿಲ್ಲ. ಎಂಬಿಬಿಎಸ್, ಬಿಡಿಎಸ್‌ನ ಇಂಟರ್ನ್‌ಶಿಪ್ ವರ್ಷ, ಎಂಪಿಎಚ್‌ನ ಕ್ಷೇತ್ರ ತರಬೇತಿ, ಎಲ್ಲ ಸೊನ್ನೆ. ಇಂಟರ್ನ್‌ಶಿಪ್‌ ಸೇರಿಸಿ ಎರಡು ವರ್ಷ ತುಂಬಿಸಿದರೆ ಮೊದಲ ಸುತ್ತಿನಲ್ಲೇ ಹೊರಗೆ. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ಮುಚ್ಚುತ್ತದೆ. ಮೂರು ಕೋರ್ಸ್ ಆರಿಸಬೇಕು, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು.

ಅಮೆರಿಕಕ್ಕೆ ಹೊರಟವರು ಬೇರೆಲ್ಲ ಬಿಟ್ಟು ಭಾರತ-ಅಮೆರಿಕ ಶೈಕ್ಷಣಿಕ ಪ್ರತಿಷ್ಠಾನ ಯುಎಸ್‌ಐಇಎಫ್‌ನ ಪುಟಕ್ಕೇ ಹೋಗುವುದು ಲೇಸು. 1950ರಲ್ಲಿ ಶುರುವಾದ ಈ ಸಂಸ್ಥೆ ನಡೆಸುವ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್‌ನ ವಿಷಯಪಟ್ಟಿಯಲ್ಲಿ ಪಬ್ಲಿಕ್ ಹೆಲ್ತ್ ಹೆಸರಿಟ್ಟೇ ಇದೆ. ಕನಿಷ್ಠ 55 ಶೇಕಡಾ ಅಂಕ, ಸಂಬಂಧಪಟ್ಟ ಕ್ಷೇತ್ರದಲ್ಲಿ 3 ವರ್ಷದ ಸಂಬಳದ ಪೂರ್ಣಾವಧಿ ಕೆಲಸ. ಸ್ವಯಂಸೇವೆ ಇಲ್ಲಿ ನಡೆಯುವುದಿಲ್ಲ. ಚೀವ್ನಿಂಗ್‌ಗೆ ಬರೆದ ಅನುಭವದ ಲೆಕ್ಕವನ್ನೇ ಇಲ್ಲಿಗೂ ಅಂಟಿಸುವವರು ಬೀಳುವ ಗುಂಡಿ ಇದು. ಇನ್ನೊಂದು: ನಾಲ್ಕು ವರ್ಷದ ಪದವಿ ಬೇಕು. ಎಂಬಿಬಿಎಸ್, ಬಿಡಿಎಸ್, ಬಿಎಸ್ಸಿ ನರ್ಸಿಂಗ್ ಓದಿದವರಿಗೆ ತೊಂದರೆಯಿಲ್ಲ. ಮೂರು ವರ್ಷದ ಬಿಎಸ್ಸಿ, ಬಿಎ, ಬಿಎಸ್‌ಡಬ್ಲ್ಯೂ ಆದವರಿಗೆ ಅದರ ಮೇಲೆ ಸ್ನಾತಕೋತ್ತರ ಪದವಿಯೋ ಪೂರ್ಣಾವಧಿ ಸ್ನಾತಕೋತ್ತರ ಡಿಪ್ಲೊಮಾವೋ ಮುಗಿದಿರಬೇಕು.

ಬ್ರಿಟನ್ನಿನಲ್ಲಿ ಓದಲು ಕೊಡುವ ಕಾಮನ್‌ವೆಲ್ತ್ ಮಾಸ್ಟರ್ಸ್ ಸ್ಕಾಲರ್‌ಶಿಪ್‌ನ ಎಡವಟ್ಟು ತಾಣದ್ದಲ್ಲ, ವ್ಯವಸ್ಥೆಯದು. ಆರೋಗ್ಯ ವ್ಯವಸ್ಥೆಗಳನ್ನು ಬಲಪಡಿಸುವುದು ಇವರ ಘೋಷಿತ ವಿಷಯಗಳಲ್ಲಿ ಒಂದು, ಹಾಗಾಗಿ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ್ದು. ಆದರೆ ಭಾರತದವರು ಎರಡು ಅರ್ಜಿ ಹಾಕಬೇಕು: ಒಂದು ಇದನ್ನು ನಡೆಸುವ ಲಂಡನ್ನಿನ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಆಯೋಗದ ಆನ್‌ಲೈನ್ ವ್ಯವಸ್ಥೆಯಲ್ಲಿ, ಇನ್ನೊಂದು ಕೇಂದ್ರ ಶಿಕ್ಷಣ ಸಚಿವಾಲಯದ ಸಾಕ್ಷಾತ್ ಪೋರ್ಟಲ್‌ನಲ್ಲಿ. ಒಂದನ್ನು ಹಾಕಿ ಇನ್ನೊಂದು ಬಿಟ್ಟರೆ ಹಾಕಿದ್ದೂ ದಂಡ. ಎರಡರ ಕೊನೆಯ ದಿನಾಂಕ ಒಂದೇ ಇರುತ್ತದೆ ಎಂದುಕೊಳ್ಳಬೇಡಿ. ಇದೇ ಆಯೋಗದ ಷೇರ್ಡ್ ಸ್ಕಾಲರ್‌ಶಿಪ್‌ಗೆ ಸಚಿವಾಲಯದ ಗೊಡವೆಯಿಲ್ಲ, ಬ್ರಿಟನ್ನಿನ ವಿಶ್ವವಿದ್ಯಾಲಯದ ಮೂಲಕವೇ ಹೋಗುತ್ತದೆ. ಅರ್ಹ ದೇಶಗಳ ಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ತೆರೆದು ನೋಡುವುದು ಕ್ಷೇಮ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ, ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ: 125 ಸ್ಥಾನ, 35 ವರ್ಷದೊಳಗೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು, ಅರ್ಹತಾ ಪದವಿಯಲ್ಲಿ 60 ಶೇಕಡಾ ಅಂಕ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದಿಂದ ಬೇರೆಯೇ 20 ಸ್ಥಾನ. ಇಲ್ಲಿ ಪಬ್ಲಿಕ್ ಹೆಲ್ತ್‌ನವರಿಗೇ ತಟ್ಟುವ ಒಂದು ವಿಚಿತ್ರ ತೊಡಕು ಇದೆ. ಪರಿಶಿಷ್ಟ ಜಾತಿಯ ಯೋಜನೆ ಕ್ಯೂಎಸ್ ಎಂಬ ಜಾಗತಿಕ ವಿಶ್ವವಿದ್ಯಾಲಯ ಶ್ರೇಯಾಂಕ ಪಟ್ಟಿಯ ಮೊದಲ 500 ಸಂಸ್ಥೆಗಳನ್ನು ಕೇಳುತ್ತದೆ. ಕ್ಯೂಎಸ್‌ನ ಒಟ್ಟಾರೆ ಪಟ್ಟಿಯಲ್ಲಿ ಒಂದೇ ಕ್ಷೇತ್ರಕ್ಕೆ ಮೀಸಲಾದ ಸಂಸ್ಥೆಗಳಿಗೆ ಜಾಗವಿಲ್ಲ. ಅಂದರೆ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್, ಸ್ವೀಡನ್ನಿನ ಕರೋಲಿನ್ಸ್ಕಾ ಎರಡೂ ಅದರಲ್ಲಿ ಸಿಗುವುದಿಲ್ಲ. ನಮ್ಮ ವಿಷಯದಲ್ಲಿ ಜಗತ್ತೇ ಮಣೆ ಹಾಕುವ ಶಾಲೆಗಳಿವು! ಪ್ರವೇಶಪತ್ರ ಕೈಗೆ ಬಂದ ಮೇಲೆ ಪೇಚಾಡುವ ಬದಲು ಯೋಜನೆಯ ಕಚೇರಿಗೆ ಮೊದಲೇ ಇಮೇಲ್ ಬರೆದು ಲಿಖಿತ ಉತ್ತರ ತೆಗೆದುಕೊಳ್ಳಿ, ಇಲ್ಲವೇ ಅಂಥ ಶಾಲೆಯ ಜೊತೆಗೆ ಪಟ್ಟಿಯಲ್ಲಿರುವ ಸಾಮಾನ್ಯ ವಿಶ್ವವಿದ್ಯಾಲಯವೊಂದಕ್ಕೂ ಅರ್ಜಿ ಹಾಕಿಡಿ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ವಿದೇಶದ ಓದಿಗೆ ನೆರವಾಗುತ್ತದೆ. ಅದರ ಷರತ್ತುಗಳನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಬೇಕು. ಎಲ್ಲಕ್ಕೂ ಆದಾಯ ಮತ್ತು ಜಾತಿ ಪ್ರಮಾಣಪತ್ರ ಬೇಕೇ ಬೇಕು, ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಹೆಸರಿನ ಕಾಗುಣಿತ ಅಂಕಪಟ್ಟಿ, ಪಾಸ್‌ಪೋರ್ಟ್, ಪ್ರಮಾಣಪತ್ರ ಮೂರರಲ್ಲೂ ಒಂದೇ ಇರಲಿ. ‘ಎಚ್’ ಒಂದು ಹೆಚ್ಚುಕಡಿಮೆಯಾದರೂ ಅಫಿಡವಿಟ್‌ಗೆ ಓಡಾಟ ತಪ್ಪದು.

ಪಿಎಚ್‌ಡಿಗೆ ಹುಡುಕುವವರು ಇವೆಲ್ಲ ಬಿಟ್ಟು ಯೂರಾಕ್ಸೆಸ್ ಎಂಬ ಯುರೋಪಿನ ಸಂಶೋಧನಾ ಹುದ್ದೆಗಳ ತಾಣಕ್ಕೆ ಹೋಗಲಿ. ಯುರೋಪಿನ ಹಲವು ದೇಶಗಳಲ್ಲಿ ಪಿಎಚ್‌ಡಿ ಎಂದರೆ ಸಂಬಳದ ನೌಕರಿ, ಅದಕ್ಕೆ ಜಾಹೀರಾತು ಬರುತ್ತದೆ, ಸ್ಕಾಲರ್‌ಶಿಪ್ ಪಟ್ಟಿಗಳಲ್ಲಿ ಅದು ಕಾಣುವುದೇ ಇಲ್ಲ. ಹಂತ ಎಂಬಲ್ಲಿ ‘ಆರ್ 1’, ಅಂದರೆ ಪಿಎಚ್‌ಡಿ ಹಂತದ ಸಂಶೋಧಕ, ಆರಿಸಿ. ‘ಪಬ್ಲಿಕ್ ಹೆಲ್ತ್’ ಎಂದಷ್ಟೇ ಹಾಕದೆ ‘ಎಪಿಡೆಮಿಯಾಲಜಿ’, ‘ಹೆಲ್ತ್ ಸಿಸ್ಟಮ್ಸ್’, ‘ಬಯೋಸ್ಟ್ಯಾಟಿಸ್ಟಿಕ್ಸ್’ ಎಂದು ಬೇರೆ ಬೇರೆಯಾಗಿ ಹುಡುಕಿ. ಯುರೋಪಿಯನ್ ಒಕ್ಕೂಟದ ಹಣದಿಂದ ನಡೆಯುವ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳ ಪಿಎಚ್‌ಡಿ ಹುದ್ದೆಗಳಿಗೆ ರಾಷ್ಟ್ರೀಯತೆಯ ಅಡ್ಡಿಯಿಲ್ಲ. ಷರತ್ತು ಬೇರೆ: ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಇತ್ತೀಚೆಗಷ್ಟೇ ಜರ್ಮನಿಯಲ್ಲಿ ಎರಡು ವರ್ಷ ಮಾಸ್ಟರ್ಸ್ ಓದಿದವರಿಗೆ ಜರ್ಮನಿಯ ಹುದ್ದೆ ಸಿಗದು, ಪಕ್ಕದ ನೆದರ್ಲೆಂಡ್ಸ್‌ನದು ಸಿಗಬಹುದು.

ದೇಶದೊಳಗೇ ಪಿಎಚ್‌ಡಿ ಮಾಡುವವರಿಗೆ ಯಾವ ಹುಡುಕು ತಾಣವೂ ಹೇಳದ ಗಟ್ಟಿ ದಾರಿ ಯುಜಿಸಿ ನೆಟ್. ಅದರಲ್ಲಿ ‘ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್’ ಎಂಬ ಪ್ರತ್ಯೇಕ ವಿಷಯವೇ ಇದೆ. ಇದು ಗೊತ್ತಿಲ್ಲದೆ ಎಂಪಿಎಚ್ ಆದವರು ಸಮಾಜಕಾರ್ಯದ ಪತ್ರಿಕೆಗೆ ಕೂರುವುದುಂಟು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಬಂದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷ ಸಡಿಲ.

ಸಂಶೋಧನೆಗೆ ಹಣ ಹುಡುಕುವವರು ಎನ್‌ಐಎಚ್ ರಿಪೋರ್ಟರ್ ಎಂಬ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಸರ್ಕಾರಿ ತಾಣವನ್ನು ತಲೆಕೆಳಗಾಗಿ ಬಳಸಬಹುದು. ಅದು ಅರ್ಜಿ ಕರೆಯುವ ತಾಣವಲ್ಲ, ಈಗಾಗಲೇ ಕೊಟ್ಟ ಹಣದ ದಾಖಲೆ. ಚಟುವಟಿಕೆ ಸಂಕೇತದಲ್ಲಿ ‘ಡಿ43’, ಪದಹುಡುಕಾಟದಲ್ಲಿ ‘ಇಂಡಿಯಾ’ ಎಂದು ಹಾಕಿದರೆ ಭಾರತದ ಸಂಶೋಧಕರಿಗೆ ತರಬೇತಿ ಕೊಡುವ ಯೋಜನೆಗಳೂ ಅವುಗಳ ಮುಖ್ಯಸ್ಥರ ಹೆಸರೂ ಸಿಗುತ್ತವೆ. ಮುಕ್ತಾಯದ ದಿನಾಂಕ ನೋಡಿ. ಒಂದು ವರ್ಷದೊಳಗೆ ಮುಗಿಯುವ ಯೋಜನೆ ಹೊಸಬರನ್ನು ಸೇರಿಸಿಕೊಳ್ಳುವ ಸಂಭವ ಕಡಿಮೆ. ‘ಟಿ32’, ‘ಎಫ್31’ ಕಂಡರೆ ಮುಂದೆ ಹೋಗಿ, ಅವು ಅಮೆರಿಕದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳಿಗೆ. ವಿದೇಶಿ ಸಂಸ್ಥೆಗಳಿಗೆ ಉಪ ಅನುದಾನ ಹಂಚುವ ಹಳೆಯ ಪದ್ಧತಿಯನ್ನು ಬದಲಿಸುವುದಾಗಿ ಎನ್‌ಐಎಚ್ 2025ರ ಮೇ 1ರಂದು ಪ್ರಕಟಿಸಿದೆ. ಹಾಗಾಗಿ ಹಳೆಯ ದಾಖಲೆ ಕಂಡು ಹಿಗ್ಗದೆ ಮುಖ್ಯಸ್ಥರಿಗೆ ನೇರ ಬರೆದು ಕೇಳಬೇಕು.

ಉಳಿದವು ಚುಟುಕಾಗಿ. ಸಂಶೋಧನಾ ಹಣ ಹುಡುಕಲು ಪಿವಟ್ ಎಂಬ ಡೇಟಾಬೇಸ್ ಒಳ್ಳೆಯ ಹತಾರ: ಪೌರತ್ವದಿಂದ ಸೋಸಬಹುದು, ಹುಡುಕಾಟ ಉಳಿಸಿಟ್ಟರೆ ಇಮೇಲ್ ಬರುತ್ತದೆ. ಆದರೆ ಸಂಸ್ಥೆ ಚಂದಾ ಕಟ್ಟಿರಬೇಕು, ಮೊದಲು ನಿಮ್ಮ ಗ್ರಂಥಪಾಲಕರನ್ನು ವಿಚಾರಿಸಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕ್ಯಾಂಪಸ್ ನಡೆಸುವ ಗ್ರೇಪ್ಸ್ ಎಂಬ ಫೆಲೋಶಿಪ್ ಡೇಟಾಬೇಸ್ ಉಚಿತ, ಯಾರು ಬೇಕಾದರೂ ನೋಡಬಹುದು. ಈಗಾಗಲೇ ಅಮೆರಿಕದಲ್ಲಿ ಓದುತ್ತಿರುವವರಿಗೆ ಉಪಯೋಗ ಹೆಚ್ಚು. ಅಮೆರಿಕ ಸರ್ಕಾರದ ಅನುದಾನಗಳ ತಾಣ ಗ್ರಾಂಟ್ಸ್ ಡಾಟ್ ಗವ್ ವಿದ್ಯಾರ್ಥಿಗಳದ್ದಲ್ಲ, ಸಂಸ್ಥೆಗಳದ್ದು. ಯುರೋಪಿನ ಹಲವು ವಿಶ್ವವಿದ್ಯಾಲಯಗಳು ಜಂಟಿಯಾಗಿ ನಡೆಸುವ ಎರಾಸ್ಮಸ್ ಮುಂಡಸ್ ಮಾಸ್ಟರ್ಸ್‌ಗಳ ಪಟ್ಟಿಯಲ್ಲಿ ಫ್ರಾನ್ಸಿನ ರೆನ್‌ನಿಂದ ನಡೆಯುವ ಯೂರೋಪಬ್‌ಹೆಲ್ತ್ ನಮ್ಮ ವಿಷಯದ್ದು. ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ, ಗರಿಷ್ಠ 24 ತಿಂಗಳು. ಆ ವರ್ಷದ ಬ್ಯಾಚಿಗೆ ಹಣವಿದೆಯೇ ಎಂದು ಕೋರ್ಸಿನ ಪುಟದಲ್ಲೇ ಖಚಿತಪಡಿಸಿಕೊಳ್ಳಿ.

ಸಂಗ್ರಹ ತಾಣಗಳಲ್ಲಿ ಅಷ್ಟಾಗಿ ಕಾಣದ ಒಂದು ಹೆಸರು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ನೆಲೆಯಾಗಿರುವ, 1975ರಲ್ಲಿ ಶುರುವಾದ, ಉಷ್ಣವಲಯದ ರೋಗಗಳ ಸಂಶೋಧನೆ ಮತ್ತು ತರಬೇತಿಯ ವಿಶೇಷ ಕಾರ್ಯಕ್ರಮ ಟಿಡಿಆರ್‌ನದು. ಬಡವರ ಸೋಂಕು ರೋಗಗಳ ಮೇಲೆ, ಅಂದರೆ ಕ್ಷಯ, ಮಲೇರಿಯಾ, ಕಾಲಾ ಅಜಾರ್‌ನಂಥವುಗಳ ಮೇಲೆ ಅನುಷ್ಠಾನ ಸಂಶೋಧನೆ (ಗೊತ್ತಿರುವ ಚಿಕಿತ್ಸೆ ಜನರಿಗೆ ತಲುಪುವುದು ಹೇಗೆ ಎಂಬ ಅಧ್ಯಯನ) ಮಾಡುವವರಿಗೆ ಸ್ನಾತಕೋತ್ತರ ಓದಿನ ವೆಚ್ಚ ಭರಿಸುತ್ತದೆ. ಢಾಕಾದ ಬ್ರ್ಯಾಕ್, ಇಂಡೋನೇಷ್ಯಾದ ಗಜಾ ಮಾದಾ, ಜೋಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ‍್ಯಾಂಡ್ ಮುಂತಾದ ವಿಶ್ವವಿದ್ಯಾಲಯಗಳು ಇದರಲ್ಲಿ ಪಾಲುದಾರರಾಗಿವೆ. ಅರ್ಜಿ ಟಿಡಿಆರ್‌ಗಲ್ಲ, ವಿಶ್ವವಿದ್ಯಾಲಯಕ್ಕೆ. ಜಿಲ್ಲಾ ಕ್ಷಯರೋಗ ಘಟಕದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಎರಡು ವರ್ಷ ಬೆವರು ಹರಿಸಿದವರು ‘ಔಷಧಿ ಇದ್ದೂ ರೋಗಿ ನಡುವೆ ಬಿಟ್ಟು ಹೋಗುವುದೇಕೆ’ ಎಂಬಂಥ ಒಂದು ಪ್ರಶ್ನೆ ಹಿಡಿದು ಹೋದರೆ ಅವರ ಅರ್ಜಿಗೆ ಇಲ್ಲಿ ತೂಕ ಜಾಸ್ತಿ.

ಕೊನೆಯದಾಗಿ ದುಡ್ಡಿನ ವಿಚಾರ. ಡಿಎಎಡಿ, ಚೀವ್ನಿಂಗ್, ಫುಲ್‌ಬ್ರೈಟ್ ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ. ವಿಶ್ವವಿದ್ಯಾಲಯದ ಪ್ರವೇಶ ಶುಲ್ಕ, ಇಂಗ್ಲಿಷ್ ಪರೀಕ್ಷೆಯ ಶುಲ್ಕ ಬೇರೆ, ಅವು ಸಾಚಾ ಖರ್ಚು. ‘ಸ್ಕಾಲರ್‌ಶಿಪ್ ನೋಂದಣಿ ಶುಲ್ಕ’ ಎಂದು ಯಾರಾದರೂ ಯುಪಿಐ ಸಂಖ್ಯೆ ಕಳಿಸಿದರೆ ಆ ಚಾಟ್ ಅಳಿಸಿಬಿಡಿ.