ಪಿವಿಸಿ, ಸಿಲಿಕೋನ್, ಐ-ಜೆಲ್: ಟೇಬಲ್ ಮೇಲೊಂದು ಟ್ಯೂಬು, ಗಂಟಲೊಳಗೆ ಇನ್ನೊಂದು

ಮೊದಲೇ ಹೇಳ್ಬಿಡ್ತೀನಿ, ಅರಿವಳಿಕೆ ಕೊಟ್ಟಾಗ ಪೇಶೆಂಟ್ ಉಸಿರಾಟಕ್ಕೆ ಹಾಕೋ ಟ್ಯೂಬುಗಳ ವಿಷಯದಲ್ಲಿ ನಾನು ಸಿಲಿಕೋನ್ ಪಾರ್ಟಿ. ಖರ್ಚು ಕಮ್ಮಿ ಮಾಡ್ಬೇಕು ಅಂತ ನಮ್ಮ ಪರ್ಚೇಸ್‌ನೋರು ಮೂಗಿನ ಟ್ಯೂಬು (ಮೂಗಿಂದ ಶ್ವಾಸನಾಳಕ್ಕೆ ಇಳಿಸೋದು), ಎಲ್‌ಎಮ್‌ಎ (ಗಂಟಲಲ್ಲಿ ಶ್ವಾಸನಾಳದ ಬಾಯಿ ಮೇಲೆ ಕೂರೋ ಮಾಸ್ಕು) ಎರಡನ್ನೂ ಒಂದು ಸಲ ಬಳಸಿ ಬಿಸಾಕೋ ಪಿವಿಸಿಗೆ ಬದಲಾಯಿಸಿದ್ರು. ಕ್ಯಾಟಲಾಗ್ ನೋಡಿದ್ರೆ ಸೈಜು, ಕನೆಕ್ಟರು, ಕಫ್ಫು (ಗಾಳಿ ಸೋರದ ಹಾಗೆ ಉಬ್ಬಿಸೋ ಬಲೂನು) ಎಲ್ಲ ಹಳೇದರ ಥರಾನೇ, ಅವರ ಲೆಕ್ಕದಲ್ಲಿ ತಪ್ಪೇನೂ ಇರ್ಲಿಲ್ಲ. ಕ್ಯಾಟಲಾಗ್‌ನಲ್ಲಿ ಇಲ್ಲದೇ ಇದ್ದದ್ದು ಟೆಂಪರೇಚರ್ ವಿಷಯ. ಓಟಿ (ಆಪರೇಷನ್ ಥಿಯೇಟರ್) ಒಳಗೆ 20 ಡಿಗ್ರಿ ಆಸುಪಾಸು, ಪೇಶೆಂಟ್ ಗಂಟಲಲ್ಲಿ 37, ಈ 17 ಡಿಗ್ರಿ ದಾಟೋದ್ರೊಳಗೆ ಪಿವಿಸಿ ಟ್ಯೂಬಿನ ಸ್ವಭಾವವೇ ಬದಲಾಗತ್ತೆ, ನಾವು ಕೈಯಲ್ಲಿ ಬಗ್ಗಿಸಿ ನೋಡಿ ಪರವಾಗಿಲ್ಲ ಅಂದದ್ದು ಒಂದು, ಒಳಗೆ ಹೋಗಿ ಕೂತದ್ದು ಇನ್ನೊಂದು.

ಯಾಕೆ ಹೀಗೆ ಅಂದ್ರೆ, ಪಿವಿಸಿ ಮೂಲದಲ್ಲಿ ಮೆತ್ತಗಿನ ಪ್ಲಾಸ್ಟಿಕ್ಕೇ ಅಲ್ಲ, ಪೈಪು ಮಾಡೋ ಗಟ್ಟಿ ವಸ್ತು, ಏನೂ ಬೆರೆಸದೇ ಇದ್ರೆ ಅದು ಬಿರುಸು ಬಿಟ್ಟು ಮೆದುವಾಗೋಕೆ 80 ಡಿಗ್ರಿ ಹತ್ರ ಬೇಕು. ಟ್ಯೂಬ್ ಮಾಡೋವಾಗ ಪ್ಲಾಸ್ಟಿಸೈಜರ್ ಬೆರೆಸಿ ಆ ಮಟ್ಟವನ್ನ ಕೆಳಗೆ ಎಳೀತಾರೆ, ಹಾಗಾಗಿ ಬದಲಾವಣೆ ಅನ್ನೋದು ನಮ್ಮ ಓಟಿ ಮತ್ತು ನಮ್ಮ ಮೈ ಬಿಸಿಯ ನಡುವೆಯೂ ನಡೀತಾನೇ ಇರತ್ತೆ. ಸಿಲಿಕೋನ್‌ದು ಸಿಲಿಕಾನ್-ಆಕ್ಸಿಜನ್ ಸರಪಳಿ, ಅದು ಗಾಜಿನ ಥರ ಗಡುಸಾಗ್ಬೇಕು ಅಂದ್ರೆ ಮೈನಸ್ 120 ಡಿಗ್ರಿ ಹತ್ರ ಹೋಗ್ಬೇಕು. 20 ಆದ್ರೇನು 37 ಆದ್ರೇನು, ಅದಕ್ಕೆ ಎರಡೂ ಒಂದೇ.

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರ್ತೀನಿ, ಮೂಗಿನ ಟ್ಯೂಬು. ಪಿವಿಸಿ ಟ್ಯೂಬನ್ನ ಪ್ಯಾಕೆಟ್‌ನಿಂದ ತೆಗೆದು ಹಾಗೇ ತಣ್ಣಗಿರುವಾಗ ಮೂಗಿಗೆ ಹಾಕಿದ್ರೆ ತುದಿ ಗಡುಸು, ಟರ್ಬಿನೇಟ್ (ಮೂಗಿನೊಳಗಿನ ಉಬ್ಬು) ಕೆರೆದು ರಕ್ತ ಬರತ್ತೆ. ಅದಕ್ಕೆ ಎಲ್ಲರಿಗೂ ಗೊತ್ತಿರೋ ಉಪಾಯ, ಬಿಸಿ ಸಲೈನ್‌ನಲ್ಲಿ ಅದ್ದಿಡೋದು. 40 ಡಿಗ್ರಿ ಚಿಲ್ಲರೆ ಸಾಕು, ಸುಡು ಸುಡು ನೀರು ಬೇಡ, ಟ್ಯೂಬಿನ ಆಕಾರವೂ ಕೆಡತ್ತೆ ಮೂಗಿನ ಒಳಪದರವೂ ಸುಡತ್ತೆ. ಈ ಉಪಾಯ ಕೆಲಸ ಮಾಡತ್ತೆ, ಅದರಲ್ಲಿ ಎರಡು ಮಾತಿಲ್ಲ, ರಕ್ತ ನಿಜಕ್ಕೂ ಕಮ್ಮಿ ಆಗತ್ತೆ, ಟ್ಯೂಬು ಮೂಗಿನ ತಿರುವಿಗೆ ತಕ್ಕ ಹಾಗೆ ತಾನೇ ಬಗ್ಗಿ ಇಳಿಯತ್ತೆ.

ಕಷ್ಟ ಶುರು ಆಗೋದು ಅದರ ಮುಂದೆ. ಸಿಸ್ಟರ್ ಬಾಟ್ಲಿ ಬಿಸಿ ಮಾಡಿ ತಂದಿಟ್ಟು, ಟ್ಯೂಬ್ ಅದ್ದಿ, ಅಷ್ಟರಲ್ಲಿ ಸರ್ಜನ್ ಏನೋ ಕೇಳಿ, ಇಂಡಕ್ಷನ್ (ಅರಿವಳಿಕೆ ಶುರು ಮಾಡೋದು) ಸ್ವಲ್ಪ ತಡ ಆಯ್ತು ಅಂದ್ರೆ ಕಥೆ ಕೆಟ್ಟಿತು, ಹೊರಗೆ ತೆಗೆದಿಟ್ರೆ ಎಸಿ ಗಾಳಿಗೆ ತೆಳು ಗೋಡೆಯ ಟ್ಯೂಬು ನೋಡ್ತಾ ನೋಡ್ತಾ ಮತ್ತೆ ಗಟ್ಟಿ ಆಗತ್ತೆ, ನೀರಲ್ಲೇ ಬಿಟ್ರೆ ಅದರ ಸಹಜ ಬಾಗು ಕರಗಿ ಹೋಗಿ ಒದ್ದೆ ಹಗ್ಗದ ಹಾಗೆ ಜೋತು ಬೀಳತ್ತೆ. ಆಮೇಲೆ ಮೂಗು ದಾಟಿ ಗಂಟಲಿಗೆ ಬಂದ ತುದಿ ಗ್ಲಾಟಿಸ್ (ಶ್ವಾಸನಾಳದ ಬಾಯಿ) ಕಡೆ ಮುಖ ಎತ್ತಲ್ಲ, ಹಿಂದಕ್ಕೇ ಹೋಗತ್ತೆ, ಮ್ಯಾಗಿಲ್ ಫೋರ್ಸೆಪ್ಸ್ ಅನ್ನೋ ಇಕ್ಕಳ ತಗೊಂಡು ಹಿಡಿಯೋಕೆ ಹೋದ್ರೆ ಕಫ್ಫು ಎಲ್ಲಿ ಹರಿಯತ್ತೋ ಅನ್ನೋ ಭಯ. ಹೊರಗಿಂದ ತಳ್ಳಿದ್ರೆ ತಳ್ಳಿದ ಬಲ ತುದಿವರೆಗೆ ಮುಟ್ಟೋದೇ ಇಲ್ಲ, ಮಧ್ಯದಲ್ಲೇ ಬಾಗಿಕೊಂಡು ಕೂರತ್ತೆ.

ಇದೆಲ್ಲ ಮುಗಿದು ಟ್ಯೂಬ್ ಕೂತು ಡ್ರೇಪ್ (ಆಪರೇಷನ್‌ಗೆ ಹೊದಿಸೋ ಬಟ್ಟೆ) ಹಾಕಿದ ಮೇಲೆ ಇನ್ನೊಂದು. ಮೂಗಿನಿಂದ ಹೊರಗೆ ಬಂದು ಹಣೆ ಕಡೆ ತಿರುಗೋ ಜಾಗದಲ್ಲಿ ಸರ್ಕ್ಯೂಟ್ (ಮೆಷಿನ್ ಕಡೆಯ ಪೈಪುಗಳು) ಭಾರ ಎಳೀತಿರತ್ತೆ, ಒಳಗಿಂದ ಬಿಸಿ ತೇವದ ಉಸಿರು, ಪೇಶೆಂಟ್ ತಣ್ಣಗಾಗಬಾರ್ದು ಅಂತ ಹಾಕಿರೋ ವಾರ್ಮಿಂಗ್ ಬ್ಲಾಂಕೆಟ್‌ನ ಗಾಳಿ 43 ಡಿಗ್ರಿವರೆಗೂ ಇರತ್ತೆ, ಅದರ ಬಿಸಿ ಡ್ರೇಪ್ ಕೆಳಗೆ ಸೋರಿ ಅಲ್ಲೇ ನಿಲ್ಲತ್ತೆ. ಹೊರಗಿರೋ ಭಾಗ ತಣ್ಣಗಿರತ್ತೆ ಗಟ್ಟಿಯಾಗಿರತ್ತೆ ಅಂತ ನಾವಂದ್ಕೊಂಡಿರ್ತೀವಿ, ಅದೇ ಮಡಚೋದು. ಕೇಸು ಶುರುವಾದಾಗ ಎಲ್ಲ ಸರಿ, ಅರ್ಧ ದಾರೀಲಿ ಏರ್‌ವೇ ಪ್ರೆಶರ್ ನಿಧಾನಕ್ಕೆ ಏರತ್ತೆ, ಕ್ಯಾಪ್ನೋಗ್ರಾಫ್ (ಉಸಿರಲ್ಲಿರೋ ಕಾರ್ಬನ್ ಡೈಆಕ್ಸೈಡ್ ತೋರಿಸೋ ಗೆರೆ) ಇಳಿಜಾರಾಗತ್ತೆ, ಬ್ರಾಂಕೋಸ್ಪಾಸಮ್ಮಾ (ಶ್ವಾಸಕೋಶದ ನಾಳಗಳು ಬಿಗಿಯಾಗೋದು) ಅಂತ ಡೌಟು, ಕಫವಾ ಅಂತ ಡೌಟು. ಸಕ್ಷನ್ ಕ್ಯಾಥೆಟರ್ ಹಾಕಿದ್ರೆ ಸ್ವಲ್ಪ ದೂರ ಹೋಗಿ ನಿಲ್ಲತ್ತೆ, ಆಗ ಗೊತ್ತಾಗತ್ತೆ. ಸರ್ಜನ್‌ನ ನಿಲ್ಲಿಸಿ ಡ್ರೇಪ್ ಎತ್ತಿ ಟ್ಯೂಬ್ ನೆಟ್ಟಗೆ ಮಾಡಿದ್ರೆ ಅರೆಕ್ಷಣದಲ್ಲಿ ಪ್ರೆಶರ್ ಇಳಿಯತ್ತೆ, ಕೈ ಬಿಟ್ರೆ ಮತ್ತೆ ಅಲ್ಲಿಗೇ, ಯಾಕಂದ್ರೆ ಬಿಸಿಯಲ್ಲಿ ಒಮ್ಮೆ ಮಡಿಕೆ ಬಿದ್ದ ಪಿವಿಸಿ ಅದೇ ಮಡಿಕೆಯನ್ನ ನೆನಪಿಟ್ಕೊಳತ್ತೆ. ಇದು ಒಂದು ಸಲ ಆಗಿದ್ರೆ ಸುಮ್ನಿರ್ತಿದ್ದೆ, ಉದ್ದದ ಕೇಸುಗಳಲ್ಲಿ ಪದೇ ಪದೇ ಆಯ್ತು. ಪರ್ಚೇಸ್‌ನೋರಿಗೆ ಹೇಳಿದ್ರೆ "ಬ್ಯಾಚ್ ನಂಬರ್ ಬರ್ದು ಕೊಡಿ ಸರ್" ಅಂತಾರೆ, ಬ್ಯಾಚಿನದ್ದಲ್ಲಪ್ಪ ಸಮಸ್ಯೆ, ಆ ವಸ್ತುವಿನದ್ದು.

ಗೋಡೆಯೊಳಗೆ ತಂತಿ ಸುತ್ತಿರೋ ಸಿಲಿಕೋನ್ ವೈರ್ ಟ್ಯೂಬ್ ಇಲ್ಲಿ ಗೆಲ್ಲೋದು ಎರಡು ಕಾರಣಕ್ಕೆ. ಮಡಚದೇ ಇರೋದು ಒಳಗಿನ ಸುರುಳಿ ತಂತಿಯ ಪುಣ್ಯ, ಆ ಕ್ರೆಡಿಟ್ಟು ಸಿಲಿಕೋನ್‌ಗೆ ಕೊಡೋಕಾಗಲ್ಲ. ಸಿಲಿಕೋನ್ ಕೊಡೋದು ಒಂದೇ ಥರದ ಮೆತ್ತನೆ, ತಣ್ಣಗಿದ್ದಾಗಲೂ ತುದಿ ಮೆತ್ತಗೇ, ಬಿಸಿ ನೀರಿನ ನಾಟಕ ಬೇಡ, ಮೂರು ಗಂಟೆ ಆದ್ಮೇಲೂ ಅದೇ ಟ್ಯೂಬು. ಅದರ ಕಷ್ಟಗಳೂ ಇವೆ. ಯಾವಾಗಲೂ ಮೆತ್ತಗಿರೋದ್ರಿಂದ ಬಾಯಿಂದ ಹಾಕುವಾಗ ದಾರಿ ತೋರಿಸೋ ಕಡ್ಡಿ, ಅಂದ್ರೆ ಸ್ಟೈಲೆಟ್ಟೋ ಬೂಜಿಯೋ, ಬೇಕೇ ಬೇಕು. ತಂತಿ ಇರೋದ್ರಿಂದ ಗೋಡೆ ದಪ್ಪ, ಅದೇ ಒಳ ಅಳತೆಗೆ ಹೊರ ಅಳತೆ ಜಾಸ್ತಿ, ಮೂಗಿಗೆ ನಾನು ಅರ್ಧ ಸೈಜ್ ಕೆಳಗೆ ಹೋಗ್ತೀನಿ. ಪೇಶೆಂಟ್ ಎಚ್ಚರ ಆಗ್ತಾ ಕಚ್ಚಿದ್ರೆ ತಂತಿ ಚಪ್ಪಟೆ ಆಗಿ ಹಾಗೇ ಉಳಿಯತ್ತೆ, ಅದನ್ನ ಯಾವ ಬಿಸಿಯೂ ಸರಿ ಮಾಡಲ್ಲ, ಹಲ್ಲಿನ ನಡುವೆ ಇಡೋ ಬೈಟ್ ಬ್ಲಾಕ್ ಮರೀಬೇಡಿ.

ಲೇಸರ್ ಕೇಸಿಗೆ ಮಾಮೂಲಿ ಪಿವಿಸಿನೂ ಬೇಡ ಮಾಮೂಲಿ ಸಿಲಿಕೋನೂ ಬೇಡ, ಎರಡೂ ಹೊತ್ತಿಕೊಳ್ಳತ್ತೆ.

ಕಫ್ ವಿಷಯ. ಕಫ್ಫಿಗೆ ತುಂಬಿದ ತಣ್ಣನೆ ಓಟಿ ಗಾಳಿ ಮೈಯೊಳಗೆ ಹೋಗಿ 37 ಆದ್ರೆ ಲೆಕ್ಕದ ಪ್ರಕಾರ ಶೇಕಡ 6ರಷ್ಟು ಹಿಗ್ಗತ್ತೆ, ಕಫ್ಫು ಸ್ವಲ್ಪ ಹಿಗ್ಗಿ ಜಾಗ ಕೊಡೋದ್ರಿಂದ ಪ್ರೆಶರ್ ಪೂರ್ತಿ ಅಷ್ಟು ಏರಲ್ಲ, ಆದ್ರೂ ಏರತ್ತೆ. ಇಲ್ಲಿ ನನ್ನ ಪಾರ್ಟಿಯೇ ಹಿಂದೆ ಬೀಳೋದು, ಯಾಕಂದ್ರೆ ನೈಟ್ರಸ್ (ಅರಿವಳಿಕೆಯ ಗ್ಯಾಸು) ಕೊಡ್ತಿದ್ರೆ ಸಿಲಿಕೋನ್ ಕಫ್ ಒಳಕ್ಕೆ ಅದು ಪಿವಿಸಿಗಿಂತ ಸಲೀಸಾಗಿ ನುಗ್ಗತ್ತೆ. ನಾನು ನೈಟ್ರಸ್ ಬಿಟ್ಟು ಕಾಲ ಆಯ್ತು, ಹಾಗಾಗಿ ನನಗೆ ತೊಂದ್ರೆ ಇಲ್ಲ, ಬಳಸೋರು ಪ್ರೆಶರ್ ಅಳೆಯೋ ಮ್ಯಾನೋಮೀಟರ್ ಹಚ್ಚಿ ಆಗಾಗ ನೋಡ್ಲೇಬೇಕು, ಟ್ಯೂಬಿಗೆ 20ರಿಂದ 30 ಸೆಂಟಿಮೀಟರ್ ನೀರಿನ ಪ್ರೆಶರ್, ಎಲ್‌ಎಮ್‌ಎಗೆ 60 ದಾಟಬಾರ್ದು. ಕಫ್ಫಿಗೆ ಸೇರಿದ, ಹೊರಗಿರೋ ಪುಟ್ಟ ಪೈಲಟ್ ಬಲೂನ್ ಹಿಸುಕಿ "ಸರಿಯಾಗಿದೆ" ಅನ್ನೋರನ್ನ ನಾನು ನಂಬಲ್ಲ.

ಎಲ್‌ಎಮ್‌ಎನಲ್ಲೂ ಅದೇ ಕಥೆ, ಪಿವಿಸಿದು ಹಾಕುವಾಗ ಗಡುಸು. ಹಳೇ ಸಿಲಿಕೋನ್ ಕ್ಲಾಸಿಕ್ ಎಲ್‌ಎಮ್‌ಎ ನಾಲಿಗೆ ಹಿಂದೆ ಜಾರೋ ರೀತಿಯೇ ಬೇರೆ. ಅದರ ದೊಡ್ಡ ಲಾಭ ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲೋ ಮೆಷಿನ್), 134 ಡಿಗ್ರಿ ಹಬೆ ತಡ್ಕೊಂಡು ಕಂಪನಿ ಹೇಳೋ 40 ಸಲದವರೆಗೂ ಬರತ್ತೆ, ಪಿವಿಸಿನ ಅಲ್ಲಿಗೆ ಹಾಕಿದ್ರೆ ಸೊಟ್ಟಗಾಗಿ ಹೊರಗೆ ಬರತ್ತೆ. ಆದ್ರೆ ಆಟೋಕ್ಲೇವ್‌ಗೆ ಹಾಕೋ ಮುಂಚೆ ಕಫ್ ಗಾಳಿ ಪೂರ್ತಿ ಎಳೀಬೇಕು, ಸ್ವಲ್ಪ ಉಳಿದ್ರೂ ಆ ಬಿಸಿಗೂ ವ್ಯಾಕ್ಯೂಮ್‌ಗೂ ಹಿಗ್ಗಿ ಕಫ್ ಒಂದು ಕಡೆ ಗುಳ್ಳೆ ಎದ್ದು ಹಾಳಾಗತ್ತೆ. ಎಷ್ಟನೇ ಸಲ ಅಂತ ಕಾರ್ಡಲ್ಲಿ ಗುರುತು ಹಾಕೋ ಟೆಕ್ನಿಷಿಯನ್ ನಿಮ್ಮಲ್ಲಿ ಇಲ್ದಿದ್ರೆ ಈ ಲೆಕ್ಕವೇ ಬೇಡ, ಒಂದು ಸಲದ್ದನ್ನೇ ತರಿಸಿ.

ಎಲ್‌ಎಮ್‌ಎ ಥರಾನೇ ಗಂಟಲಲ್ಲಿ ಕೂರೋ ಐ-ಜೆಲ್ ಬಗ್ಗೆ ಒಂದು ಮಾತು ಓಡಾಡತ್ತೆ, ಮೈ ಬಿಸಿಗೆ ಕರಗಿ ಗಂಟಲಿನ ಅಚ್ಚು ತಗೊಳತ್ತೆ ಅಂತ. ಅದು ಎಸ್‌ಇಬಿಎಸ್ ಅನ್ನೋ ಥರ್ಮೋಪ್ಲಾಸ್ಟಿಕ್ ಎಲಾಸ್ಟೋಮರ್, ಅಚ್ಚಲ್ಲಿ ಕರಗಿಸಿ ಸುರಿಯೋಕೆ ಬೇಕಾಗೋ ಬಿಸಿ ಯಾವ ಪೇಶೆಂಟ್‌ಗೂ ಇರಲ್ಲ. ಹಾಕಿದ ಸ್ವಲ್ಪ ಹೊತ್ತಿಗೆ ಲೀಕ್ ಕಮ್ಮಿ ಆಗೋದು ನಾನೂ ನೋಡಿದ್ದೀನಿ, ಮೆತ್ತಗಿನ ವಸ್ತು ಒತ್ತಿದ ಕಡೆ ಕೂರೋದು, ಗಂಟಲಿನ ಸ್ನಾಯು ಸಡಿಲ ಆಗೋದು, ಇವೂ ಸೇರಿರತ್ತೆ. ಅದಕ್ಕೆ ಶುರುವಲ್ಲಿ ಸಣ್ಣ ಲೀಕ್ ಕಂಡ ತಕ್ಷಣ ಕಿತ್ತು ಸೈಜ್ ಬದಲಾಯಿಸೋಕೆ ಹೋಗಲ್ಲ, ಸ್ಯಾಚುರೇಷನ್ನೂ ವೆಂಟಿಲೇಷನ್ನೂ ಚೆನ್ನಾಗಿದ್ರೆ ಸ್ವಲ್ಪ ಕಾಯ್ತೀನಿ. ಗಾಳಿ ಕಫ್ಫೇ ಇಲ್ಲ, ಹಿಗ್ಗೋ ಲೆಕ್ಕವೂ ಇಲ್ಲ. ಸಣ್ಣ ಕೇಸುಗಳಿಗೆ ನನ್ನ ಕೈ ಈಗ ಅದಕ್ಕೇ ಹೋಗತ್ತೆ.

ಸ್ಟೋರ್ ಬಗ್ಗೆ ಒಂದು ಸಾಲು: ಪಿವಿಸಿ ಡಬ್ಬಿಗಳನ್ನ ಬಿಸಿಲು ಬೀಳೋ ಕಿಟಕಿ ಪಕ್ಕ, ಮೇಲೆ ಭಾರ ಹೇರಿ ಇಡ್ಬೇಡಿ, ಚಪ್ಪಟೆ ಆಗಿದ್ದು ಚಪ್ಪಟೆಯಾಗೇ ಉಳಿಯತ್ತೆ.

ನನ್ನ ಲಿಸ್ಟಲ್ಲಿ ಬಾಯಿ-ದವಡೆ ಕೇಸು, ಬೋರಲು ಮಲಗಿಸೋ ಕೇಸು ಜಾಸ್ತಿ, ಟ್ಯೂಬ್ ಕೈಗೆ ಸಿಗದ ಜಾಗದಲ್ಲಿ ಗಂಟೆಗಟ್ಲೆ ಇರತ್ತೆ, ಅಲ್ಲಿ ಸಿಲಿಕೋನ್ ವೈರ್ ಟ್ಯೂಬಿಗೆ ಕೊಡೋ ಹೆಚ್ಚಿನ ದುಡ್ಡು ನನಗೆ ದುಬಾರಿ ಅನ್ಸಲ್ಲ. ಬಾಯಿಂದ ಹಾಕೋ ಮಾಮೂಲಿ ಕೇಸಿಗೆ ಪಿವಿಸಿ ಟ್ಯೂಬೇ ಇರ್ಲಿ, ಒಳಗೆ ಮೆತ್ತಗಾದ್ರೂ ಅಲ್ಲಿ ಅಷ್ಟು ಚೂಪು ತಿರುವಿಲ್ಲ, ಅಗ್ಗಕ್ಕೆ ಅದನ್ನ ಮೀರಿಸೋದು ಇಲ್ಲ. ನಿಮಗೆ ಬಜೆಟ್ ಬಿಗಿ ಇದ್ದು ಮೂಗಿಗೂ ಪಿವಿಸಿಯೇ ಗತಿ ಅಂದ್ರೆ ತುದಿಯನ್ನಷ್ಟೇ ಬಿಸಿ ಸಲೈನ್‌ಗೆ ಅದ್ದಿ, ಪೂರ್ತಿ ಟ್ಯೂಬ್ ಮುಳುಗಿಸ್ಬೇಡಿ, ಸರ್ಕ್ಯೂಟ್ ಭಾರಕ್ಕೆ ಆಧಾರ ಕೊಡಿ, ಬ್ಲಾಂಕೆಟ್ ಗಾಳಿ ಮುಖದ ಕಡೆ ಬರದ ಹಾಗೆ ಅಂಚು ಅಂಟಿಸಿ. ನಾನಂತೂ ಮುಂದಿನ ಇಂಡೆಂಟಲ್ಲಿ ಮೂಗಿನ ಪಿವಿಸಿ ಸಾಲನ್ನ ಹೊಡೆದು ಹಾಕಿ ಕಳಿಸಿದ್ದೀನಿ, ಸಹಿ ಆಗ್ಬೇಕು ಅಷ್ಟೆ.