ಮಳೆಗಾಲಕ್ಕೆ ಜಗ್ಗದ ಟಿವಿ

ತೀರ್ಥಹಳ್ಳಿಯಲ್ಲಿ ಮಳೆ ಜೋರಾದರೆ ಮನೆ ಮೇಲಿನ ಡಿಶ್‌ಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ. ಉಪಗ್ರಹದ ತರಂಗವನ್ನು ದಟ್ಟ ಮಳೆ ಹೀರಿಬಿಡುತ್ತದೆ. ಈಗ ಊರಿನ ಕೇಬಲ್‌ನವರಿಂದ ಫೈಬರ್ ಹಾಕಿಸಿ, ಅವರದೇ ಐಪಿಟಿವಿ (ಇಂಟರ್ನೆಟ್ ತಂತ್ರದಲ್ಲಿ ಚಾನೆಲ್ ತರುವ ಟಿವಿ) ಬಾಕ್ಸ್ ತಗೊಂಡಿದ್ದೇವೆ. ಆಷಾಢದ ಮಳೆಗೂ ಅತ್ತೆಯವರ ಧಾರಾವಾಹಿ ನಿಲ್ಲಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇದು ಕೆಲಸ ಮಾಡುವ ರೀತಿ. ಹಳೇ ಕೇಬಲ್‌ನಲ್ಲಿ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಮನೆಗೆ ಬರುತ್ತಿದ್ದವು. ಇಲ್ಲಿ ರಿಮೋಟ್ ಒತ್ತಿದ ಚಾನೆಲ್ ಮಾತ್ರ ಬರುತ್ತದೆ. ಒಂದೇ ಚಾನೆಲ್ ನೋಡುವ ನೂರು ಮನೆಗಳಿಗೂ ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆಯುವಲ್ಲಿ ಅದರ ನಕಲಾಗುತ್ತದೆ. ಇದಕ್ಕೇ ಮಲ್ಟಿಕಾಸ್ಟ್ ಅನ್ನುವುದು. ಊರೆಲ್ಲ ಕ್ರಿಕೆಟ್ ನೋಡುವ ಸಂಜೆಯೂ ಚಿತ್ರ ಒಡೆದಿಲ್ಲ.

ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳ ಕ್ರಮ ಬೇರೆ: ವಿಡಿಯೊ ಕೆಲವು ಸೆಕೆಂಡುಗಳ ತುಣುಕಾಗಿ ಬರುತ್ತದೆ, ನೆಟ್ ನಿಧಾನವಾದರೆ ಮಸುಕು ತುಣುಕು. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, ಅದಕ್ಕಿಂತ ಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ನೆಟ್ ವೇಗ ಇರಲಿ ಅನ್ನುತ್ತದೆ. ನಮ್ಮ 50 ಎಂಬಿಪಿಎಸ್ ಪ್ಲಾನ್ ಧಾರಾಳ ಸಾಕು.

ಕರೆಂಟ್ ಹೋದರೆ ರೂಟರ್ ಸಮೇತ ಎಲ್ಲವೂ ಬಂದ್, ಮಲೆನಾಡಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಹಾಕಿಸುವವರು ರೂಟರ್‌ಗೊಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ಬಾಕ್ಸ್‌ಗೆ ವೈಫೈ ಬೇಡ, ತಂತಿಯನ್ನೇ ಎಳೆಸಿ.